ಹುಲಿ ಕಂಡೇ ತೀರಬೇಕೆಂಬ ಹಟ

ಸುಂದರಬನಕ್ಕೆ ಹೋಗಿ ಬಂದವರನ್ನು ನಮ್ಮ ಕಡೆಯವರು ಕೇಳುವುದು ಒಂದೇ ಪ್ರಶ್ನೆ: ಹುಲಿ ಕಾಣ್ತಾ? ಇಲ್ಲ ಎಂದರೆ ಕೇಳಿದವರ ಮುಖದಲ್ಲಿ ಅಯ್ಯೋ ಪಾಪ ಎಂಬ ಕನಿಕರ. ಅಷ್ಟು ದೂರ ಹೋಗಿ, ಅಷ್ಟು ದುಡ್ಡು ಸುರಿದು, ದೋಣಿಯಲ್ಲಿ ಕೂತು ಕೂತು ಕೊನೆಗೆ ನೋಡಿದ್ದು ಕೆಸರು, ಬೇರು, ಒಂದೆರಡು ಮೊಸಳೆ. ಲಕ್ಕವಳ್ಳಿಯ ಸಫಾರಿಗೂ ಇದೇ ಅಳತೆ, ಕಬಿನಿಗೂ ಇದೇ, ದಾಂಡೇಲಿಗೂ ಇದೇ. ಶಿವಮೊಗ್ಗದ ಗಾಂಧಿ ಬಜಾರಿನಿಂದ ಭದ್ರಾವತಿಯ ರಂಗಪ್ಪ ಸರ್ಕಲ್ಲಿನವರೆಗೆ ಈ ಅಭಿಪ್ರಾಯ ಎಷ್ಟು ಬೇರೂರಿದೆಯೆಂದರೆ, ಅದನ್ನು ಅಭಿಪ್ರಾಯ ಎಂದುಕೊಳ್ಳುವವರೇ ಇಲ್ಲ. ಎಲ್ಲರಿಗೂ ಅದು ನಿಜಸಂಗತಿ. ಹುಲಿ ಕಾಣದ ಪ್ರವಾಸ ದಂಡ. ಹುಲಿ ತೋರಿಸದ ಕಾಡು ಸಪ್ಪೆ. ಹುಲಿಯೇ ಇಲ್ಲದ ಕಾಡಂತೂ ನೋಡಲು ಲಾಯಕ್ಕಲ್ಲ. ಈ ಮೂರೂ ಮಾತು ತಪ್ಪು. ಬರೀ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು, ಇವುಗಳಿಂದ ಕಾಡಿಗೆ ಕೇಡಾಗುತ್ತಿದೆ. ಆದ್ದರಿಂದ ಬರೆಯಲೇಬೇಕಾಗಿದೆ.

ಸುಂದರಬನವನ್ನೇ ಮೊದಲು ನೋಡೋಣ. ಪಶ್ಚಿಮ ಬಂಗಾಳದ ಆ ಹುಲಿ ಮೀಸಲು 1973ರಲ್ಲಿ ಹುಲಿ ಯೋಜನೆಯ ಮೊದಲ ತಂಡದಲ್ಲೇ ಸೇರಿತು. ಆಗಿನ ವಿಸ್ತೀರ್ಣ 2,585 ಚದರ ಕಿಲೋಮೀಟರ್. 2022ರ ಗಣತಿಯ ಅಂದಾಜಿನಲ್ಲಿ ಅಲ್ಲಿರುವುದು ಸುಮಾರು ನೂರು ಹುಲಿ. ದಿನಕ್ಕೆರಡು ಸಲ ಉಬ್ಬರ ಬಂದು ನೆಲವನ್ನು ಮುಳುಗಿಸುತ್ತದೆ, ಎರಡು ಸಲ ಇಳಿದಾಗ ಕೆಸರಿನಿಂದ ಉಸಿರುಬೇರುಗಳು ಈಟಿಗಳಂತೆ ಮೇಲೇಳುತ್ತವೆ. ಪ್ರವಾಸಿಗಳು ಕಂಡಲ್ಲಿ ದೋಣಿಯಿಂದ ಇಳಿಯುವಂತಿಲ್ಲ. ಸಜ್ನೇಖಾಲಿ, ಸುಧನ್ಯಖಾಲಿ, ದೋಬಾಂಕಿಯಂಥ ಕಡೆ ಬೇಲಿಯೊಳಗಿನ ಗೋಪುರ ಹತ್ತಬಹುದು, ಅಷ್ಟೇ. ಅಲ್ಲಿನ ಹುಲಿ ಉಪ್ಪುನೀರಿನ ಹೊಳೆಗಳನ್ನು ಈಜಿ ದಾಟುತ್ತದೆ, ಮೀನು ಏಡಿಗಳನ್ನೂ ತಿನ್ನುತ್ತದೆ, ಈಚಲಿನ ಜಾತಿಯ ಪೊದೆಗಳ ನಡುವೆ ಮಲಗಿದರೆ ಹತ್ತು ಮಾರು ದೂರದಲ್ಲಿದ್ದರೂ ಗುರುತು ಸಿಗುವುದಿಲ್ಲ. ಇಂಥ ಜಾಗದಲ್ಲಿ ಹುಲಿ ಕಾಣದಿರುವುದೇ ವಾಡಿಕೆ.

ಆ ಹೊಳೆಗಳಲ್ಲೇ ಇನ್ನೊಂದು ಬಗೆಯ ದೋಣಿಗಳೂ ಓಡಾಡುತ್ತವೆ. ಮೀನು ಹಿಡಿಯುವವರು, ಏಡಿ ಹಿಡಿಯುವವರು, ಜೇನು ಕೀಳುವವರು. ಕಾಡಿಗೆ ಕಾಲಿಡುವ ಮುಂಚೆ ಅವರು ಕಾಡಿನ ದೇವತೆ ಬೊನ್‌ಬೀಬಿಯ ಮುಂದೆ ಕೈಮುಗಿಯುತ್ತಾರೆ, ಹಿಂದೂಗಳೂ ಮುಸಲ್ಮಾನರೂ. ಅವರ ಬೇಡಿಕೆ ಒಂದೇ: ಹುಲಿ ಎದುರಾಗದಿರಲಿ. ಹುಲಿ ಎದುರಾಗಿ ಗಂಡಂದಿರು ಮರಳದ ಮನೆಗಳು ಅಲ್ಲಿನ ಹಳ್ಳಿಗಳಲ್ಲಿವೆ. ಆ ಹೆಂಗಸರಿಗೆ ಹುಲಿವಿಧವೆಯರು ಎಂದೇ ಹೆಸರು ಬಿದ್ದಿದೆ. ಅದೇ ನೀರಿನ ಮೇಲೆ ಪ್ರವಾಸಿ ದೋಣಿಯಲ್ಲಿ ಕೂತವರು ಹುಲಿ ಎದುರಾಗಲಿ ಎಂದು ಹರಕೆ ಹೊರುತ್ತಾರೆ. ಎರಡು ದೋಣಿಗಳೂ ಪಕ್ಕಪಕ್ಕದಲ್ಲೇ ಸಾಗುತ್ತವೆ. ಕಾಡಿನ ಜೊತೆ ಬದುಕುವವರಿಗೂ ಕಾಡನ್ನು ನೋಡಲು ಹೋಗುವವರಿಗೂ ನಡುವೆ ಇಷ್ಟು ದೊಡ್ಡ ಕಂದಕ ಬಿದ್ದಿರುವಾಗ, ಹೋಗಿ ಬಂದವರು ಅದನ್ನು ಕಾಣದೆ ಹುಲಿ ಕಾಣಲಿಲ್ಲವೆಂದು ಕೊರಗುವುದು ನನಗೆ ಸಹಿಸಲಾಗದ ಮಾತು. ಐಲಾ, ಆಂಫಾನ್ ಚಂಡಮಾರುತಗಳು 2009ರಲ್ಲಿ, 2020ರಲ್ಲಿ ಬಂದು ಅಪ್ಪಳಿಸಿದಾಗ ಎದೆಯೊಡ್ಡಿ ನಿಂತದ್ದು ಅವರು ಬೇಸರದಿಂದ ನೋಡಿ ಬಂದ ಆ ಬೇರುಗಳೇ.

ಬಂಗಾಳದ ಮಾತು ಹಾಗಿರಲಿ, ನಮ್ಮ ಪಕ್ಕದ ಕಾಡನ್ನೇ ನೋಡೋಣ. ಭದ್ರಾವತಿಯಿಂದ ಲಕ್ಕವಳ್ಳಿಗೆ ಎಷ್ಟು ದೂರ? ಭದ್ರಾ ಅಣೆಕಟ್ಟಿನ ಬಳಿಯ ಬಿ.ಆರ್. ಪ್ರಾಜೆಕ್ಟ್ ದಾಟಿದರೆ ಸಿಕ್ಕಿತು. ಅಲ್ಲಿಂದಾಚೆ ಭದ್ರಾ ಹುಲಿ ಮೀಸಲು. 1951ರಲ್ಲಿ ಜಾಗರ ಕಣಿವೆಯ ವನ್ಯಧಾಮವಾಗಿ ಆರಂಭವಾದದ್ದು 1974ರಲ್ಲಿ ಲಕ್ಕವಳ್ಳಿಯ ಕಾಡನ್ನೂ ಸೇರಿಸಿಕೊಂಡು ಭದ್ರಾ ಅಭಯಾರಣ್ಯವಾಯಿತು, 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಸುಮಾರು 500 ಚದರ ಕಿಲೋಮೀಟರಿನ ಈ ಕಾಡಿನಲ್ಲಿ ಹುಲಿ ಇದೆ, ಆದರೆ ಸಫಾರಿ ಹೋದವರಲ್ಲಿ ಹೆಚ್ಚಿನವರಿಗೆ ಅದು ಕಾಣುವುದಿಲ್ಲ. ಬಿದಿರು, ಲಂಟಾನ, ತೇಗ, ಏರುತಗ್ಗು. ಹತ್ತು ಹೆಜ್ಜೆ ಆಚೆ ಏನಿದೆ ಎಂದು ಗೊತ್ತಾಗದ ನೆಲ. ಆದ್ದರಿಂದ ಭದ್ರಾ ಕಾಡಿಗೆ ನಮ್ಮ ಊರುಗಳಲ್ಲಿ ಅಂಥ ಮರ್ಯಾದೆ ಇಲ್ಲ. ಅಲ್ಲೇನಿದೆ, ಕಾಟಿ, ಜಿಂಕೆ, ನೀರು ಅಷ್ಟೇ, ಹುಲಿ ನೋಡಬೇಕಾದರೆ ಕಬಿನಿಗೆ ಹೋಗಬೇಕು ಎನ್ನುತ್ತಾರೆ.

ಕಾಟಿ, ಜಿಂಕೆ ಅಷ್ಟೇ! ಈ ‘ಅಷ್ಟೇ’ಯ ಲೆಕ್ಕವನ್ನು ಕೊಂಚ ಬಿಡಿಸಿ ನೋಡಬೇಕು. ಒಂದು ಹುಲಿಗೆ ವರ್ಷಕ್ಕೆ ಐವತ್ತರಷ್ಟು ದೊಡ್ಡ ಬೇಟೆ ಬೇಕು. ಐವತ್ತು ಪ್ರಾಣಿ ಪ್ರತಿವರ್ಷ ಹೋದರೂ ಹಿಂಡು ಕರಗದೆ ಉಳಿಯಬೇಕಾದರೆ ಆ ಹುಲಿಯ ಸೀಮೆಯಲ್ಲಿ ಐನೂರರಷ್ಟು ಕಡವೆ, ಜಿಂಕೆ, ಕಾಟಿ, ಹಂದಿ ಇರಬೇಕು ಎನ್ನುವುದು ವನ್ಯಜೀವಿ ವಿಜ್ಞಾನಿಗಳ ಲೆಕ್ಕ. 1980ರ ದಶಕದ ಕೊನೆಯಲ್ಲಿ ದನಗಳ ದೊಡ್ಡರೋಗ ತಗುಲಿ ಭದ್ರಾ ಕಾಡಿನ ಕಾಟಿಗಳು ಹಿಂಡುಹಿಂಡಾಗಿ ಸತ್ತವು. ಕಾಟಿ ಮತ್ತೆ ಹೆಚ್ಚಬೇಕು, ದನಗಳು ಮೇಯುತ್ತಿದ್ದ ಬಯಲಿನಲ್ಲಿ ಹುಲ್ಲು ಮತ್ತೆ ಏಳಬೇಕು, ಜಿಂಕೆ ಬರಬೇಕು, ಆಮೇಲೆ ಹುಲಿ. ಇಂದು ಲಕ್ಕವಳ್ಳಿಯ ಹಿನ್ನೀರಿನ ಅಂಚಿನಲ್ಲಿ ಕಾಟಿಯ ಹಿಂಡು ನಿಂತಿದ್ದರೆ ಅದು ಹುಲಿಯ ಬದಲಿಗೆ ಸಿಕ್ಕ ಸಮಾಧಾನದ ಬಹುಮಾನವೇನಲ್ಲ. ಹುಲಿ ಮರಳಿ ಬದುಕಲು ಏನು ಬೇಕಿತ್ತೋ ಅದೇ ಕಣ್ಣೆದುರು ನಿಂತಿದೆ. ದಾರಿಯ ಧೂಳಿನಲ್ಲಿ ಮೂಡಿದ ಹೆಜ್ಜೆ, ಮರದ ತೊಗಟೆಯ ಮೇಲಿನ ಪರಚು, ಮುಸಿಯ ಮರದ ಮೇಲಿಂದ ಕೆಮ್ಮಿದಂತೆ ಕೂಗುವುದು, ಕಡವೆ ಬಾಲ ನಿಮಿರಿಸಿ ಒಂದೇ ದಿಕ್ಕಿಗೆ ನೋಡುತ್ತ ನಿಲ್ಲುವುದು, ಇವೆಲ್ಲ ಹುಲಿಯ ಸುದ್ದಿಗಳೇ. ಅರಣ್ಯ ಇಲಾಖೆಯೂ ವಿಜ್ಞಾನಿಗಳೂ ಇಂದು ಹುಲಿಯನ್ನು ಕಣ್ಣಿಂದ ಕಂಡು ಎಣಿಸುವುದಿಲ್ಲ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಬಳಕೆಗೆ ತಂದ ವಿಧಾನದಂತೆ, ಯಾರೂ ಇಲ್ಲದ ಹೊತ್ತಿನಲ್ಲಿ ದಾರಿಬದಿಯ ಕ್ಯಾಮೆರಾ ತೆಗೆದ ಚಿತ್ರದ ಪಟ್ಟೆಗಳನ್ನು ಹೋಲಿಸಿ ಎಣಿಸುತ್ತಾರೆ. ಬದುಕೆಲ್ಲ ಹುಲಿಗಾಗಿ ದುಡಿದವರೇ ಕಾಣದ ಹುಲಿಯನ್ನು ನಂಬಿ ಕೆಲಸ ಮಾಡುವಾಗ, ಮೂರು ಗಂಟೆಯ ಸಫಾರಿಗೆ ಬಂದವರು ತೋರಿಸಿ ಎಂದು ಗದರುವುದಕ್ಕೆ ಯಾವ ನ್ಯಾಯವಿದೆ?

ಈ ಹುಲಿಗಾಗಿ ಬೆಲೆ ತೆತ್ತವರು ಬೇರೆಯೇ ಇದ್ದಾರೆ. 2001ರಿಂದ ಮೊದಲ್ಗೊಂಡು ಭದ್ರಾ ಕಾಡಿನೊಳಗಿನ ಹಳ್ಳಿಗಳಿಂದ ನಾನೂರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ದೇವರ ಬನ, ಹಿರಿಯರ ಸಮಾಧಿಗಳನ್ನು ಬಿಟ್ಟು ಹೊರಬಂದವು. ಲಕ್ಕವಳ್ಳಿ ಬಳಿಯ ಎಂ.ಸಿ. ಹಳ್ಳಿಯಲ್ಲಿ ಮತ್ತು ಕೆಳಗೂರಿನಲ್ಲಿ ಅವರಿಗೆ ಜಮೀನು, ಮನೆ ಕೊಡಲಾಯಿತು. ದೇಶದ ಇತರ ಕಡೆಗಳಿಗೆ ಹೋಲಿಸಿದರೆ ಈ ಪುನರ್ವಸತಿ ಚೆನ್ನಾಗಿ ನಡೆಯಿತೆಂದು ಅಧ್ಯಯನ ಮಾಡಿದವರು ಬರೆದಿದ್ದಾರೆ. ನಾನೂ ಹಾಗೆಂದೇ ನಂಬುತ್ತೇನೆ. ಆದರೂ ಬಿಟ್ಟುಬಂದದ್ದು ಬಿಟ್ಟುಬಂದದ್ದೇ. ಅವರು ಕಾಡು ತೊರೆದದ್ದು ಹುಲಿಗೆ ಮನುಷ್ಯರ ಕಾಟ ತಪ್ಪಲಿ ಎಂಬ ಕಾರಣಕ್ಕೆ. ಅವರ ಗದ್ದೆಗಳು ಹುಲ್ಲುಗಾವಲಾದ ಜಾಗಕ್ಕೆ ನಾವು ಜೀಪಿನಲ್ಲಿ ಬಂದು ಹುಲಿ ತೋರಿಸಿ ಎಂದು ಹಟ ಹಿಡಿದರೆ, ಆ ಜನರನ್ನು ಎಬ್ಬಿಸಿದ್ದಕ್ಕೆ ಕೊಟ್ಟ ಕಾರಣವನ್ನೇ ಸುಳ್ಳು ಮಾಡಿದಂತೆ. ಹುಲಿಯ ನೆಮ್ಮದಿಗಾಗಿ ಒಕ್ಕಲನ್ನು ಎಬ್ಬಿಸಬಹುದು, ಪ್ರವಾಸಿಗಳ ಸಂಭ್ರಮಕ್ಕಾಗಿ ಹುಲಿಯ ನೆಮ್ಮದಿ ಕೆಡಿಸಬಹುದು ಎಂದರೆ ಆ ನ್ಯಾಯಕ್ಕೆ ಎರಡು ನಾಲಗೆ.

ಇಷ್ಟು ಹೇಳಿದ ಕೂಡಲೇ ಬರುವ ಉತ್ತರ ನನಗೆ ಗೊತ್ತು. ಹುಲಿ ಕಂಡರೆ ಜನ ಬರುತ್ತಾರೆ, ಜನ ಬಂದರೆ ದುಡ್ಡು ಬರುತ್ತದೆ, ದುಡ್ಡು ಬಂದರೆ ಕಾಡು ಉಳಿಯುತ್ತದೆ. ಪ್ರವಾಸಿಗಳ ಕಣ್ಣಿರುವ ಕಡೆ ಕಳ್ಳಬೇಟೆಯವರು ಬರುವುದಿಲ್ಲ. ಕೇಳಲು ಸರಿಯಾಗಿಯೇ ಇದೆ. ಆದರೆ ರಾಜಸ್ಥಾನದ ಸರಿಸ್ಕಾ ದೆಹಲಿ, ಜೈಪುರಗಳ ಪ್ರವಾಸಿಗಳಿಗೆ ಹೆಸರಾದ ಹುಲಿ ಕಾಡು. ಅಲ್ಲಿ 2005ರ ಹೊತ್ತಿಗೆ ಒಂದೇ ಒಂದು ಹುಲಿಯೂ ಉಳಿದಿರಲಿಲ್ಲ, ಎಲ್ಲವೂ ಕಳ್ಳಬೇಟೆಗೆ ತುತ್ತಾಗಿದ್ದವು. ಮಧ್ಯಪ್ರದೇಶದ ಪನ್ನಾದಲ್ಲೂ ಸಫಾರಿ ಜೀಪುಗಳು ಓಡಾಡುತ್ತಿದ್ದವು. 2009ರಲ್ಲಿ ಅಲ್ಲೂ ಹುಲಿ ಸೊನ್ನೆಯಾಯಿತು. ಎರಡೂ ಕಡೆ ಆಮೇಲೆ ಬೇರೆ ಕಾಡುಗಳಿಂದ ಹುಲಿಗಳನ್ನು ತಂದು ಬಿಡಬೇಕಾಯಿತು. ಭದ್ರಾದಲ್ಲಿ ಹುಲಿ ಚೇತರಿಸಿಕೊಂಡದ್ದು ಪ್ರವಾಸಿಗಳ ಸಂತೆಯಿಂದಲ್ಲ. ಹಳ್ಳಿಗಳ ಜನ ಹೊರಬಂದದ್ದು, ಕಾಡುಗಳ್ಳರನ್ನು ತಡೆಯಲು ಮಳೆಗಾಲದಲ್ಲೂ ಕ್ಯಾಂಪುಗಳಲ್ಲಿ ಉಳಿದ ಕಾವಲುಗಾರರು, ಚಿಕ್ಕಮಗಳೂರಿನ ಕಡೆಯ ವನ್ಯಜೀವಿ ಕಾರ್ಯಕರ್ತರ ಹಲವು ವರ್ಷಗಳ ಓಡಾಟ, ಇವುಗಳಿಂದ. ಜಿಗಣೆ ಕಚ್ಚಿಸಿಕೊಂಡು ಕಾಡು ಸುತ್ತುವ ದಿನಗೂಲಿ ವಾಚರ್ ಒಬ್ಬ ಮಾಡುವ ಕೆಲಸವನ್ನು ಪ್ರವಾಸಿಯ ಕಣ್ಣು ಮಾಡಲಾರದು. ಅದು ಸಫಾರಿ ದಾರಿ ಬಿಟ್ಟು ಆಚೆ ಹೋಗುವುದೇ ಇಲ್ಲ.

ದುಡ್ಡು ಬರುತ್ತದೆ, ನಿಜ. ಅದರ ಜೊತೆಗೆ ಬರುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. 2024ರ ಡಿಸೆಂಬರ್ 31ರಂದು ಮಹಾರಾಷ್ಟ್ರದ ಉಮ್ರೇಡ್ ಕಾಡಿನಲ್ಲಿ ಮರಿಗಳೊಂದಿಗೆ ದಾರಿಗಿಳಿದ ಹೆಣ್ಣುಹುಲಿಯನ್ನು ಎರಡೂ ಕಡೆಯಿಂದ ಸಫಾರಿ ಜೀಪುಗಳು ಅಡ್ಡಗಟ್ಟಿ ನಿಂತವು. ಆ ವಿಡಿಯೋ ದೇಶವೆಲ್ಲ ಹರಿದಾಡಿ, ಬಾಂಬೆ ಹೈಕೋರ್ಟು ತಾನೇ ಪ್ರಕರಣ ದಾಖಲಿಸಿಕೊಂಡಿತು. ಜೀಪಿನವರನ್ನು ಶಿಕ್ಷಿಸಿದರೆ ಮುಗಿಯುವ ಸಂಗತಿಯಲ್ಲ ಅದು. ತೋರಿಸಲೇಬೇಕು ಎಂಬ ಒತ್ತಾಯ ಹಿಂದಿನ ಸೀಟಿನಿಂದ ಬರುತ್ತದೆ. ಹುಲಿ ತೋರಿಸಿದ ಡ್ರೈವರಿಗೆ ಭಕ್ಷೀಸು, ತೋರಿಸದವನಿಗೆ ಬೈಗುಳ. ಹುಲಿ ಹೊರಬರಲೆಂದು ದಾರಿಬದಿಯ ಪೊದೆ ಸವರುವುದು, ಸಫಾರಿ ದಾರಿಯ ಪಕ್ಕದಲ್ಲೇ ನೀರುಗುಂಡಿ ತೋಡುವುದು, ಇವೆಲ್ಲ ಆ ಒತ್ತಾಯದ ಮಕ್ಕಳು. 2012ರಲ್ಲಿ ಸುಪ್ರೀಂ ಕೋರ್ಟು ಹುಲಿ ಕಾಡುಗಳ ಒಳವಲಯದಲ್ಲಿ ಪ್ರವಾಸೋದ್ಯಮವನ್ನೇ ಕೆಲವು ತಿಂಗಳು ನಿಲ್ಲಿಸಿತ್ತು. ಆಮೇಲೆ ಬಂದ ಮಾರ್ಗಸೂಚಿ ಒಳವಲಯದ ಶೇಕಡ 20ಕ್ಕಿಂತ ಹೆಚ್ಚು ಭಾಗದಲ್ಲಿ ಪ್ರವಾಸ ಬೇಡವೆಂದಿತು. ಆ ಗೆರೆ ಎಳೆಯಲು ಕೋರ್ಟಿನವರೆಗೆ ಹೋಗಬೇಕಾಯಿತು ಎನ್ನುವುದೇ ಈ ಆಸೆಯ ಅಳತೆ. 2025ರ ನವೆಂಬರಿನಲ್ಲಿ ಸರಗೂರು ಕಡೆ ಹುಲಿ ದಾಳಿಯಿಂದ ಒಂದರ ಹಿಂದೊಂದು ಸಾವಾಗಿ, ನಾಗರಹೊಳೆ ಬಂಡೀಪುರಗಳಲ್ಲಿ ಸರ್ಕಾರ ಸಫಾರಿ ನಿಲ್ಲಿಸಿತು. ಸಫಾರಿಗೂ ದಾಳಿಗೂ ಎಷ್ಟು ಸಂಬಂಧ ಎಂಬುದನ್ನು ಬಲ್ಲವರು ನಿರ್ಧರಿಸಲಿ. ಆದರೆ ಹೊಲದಲ್ಲಿ ದನ ಕಾಯುವಾಗ ಹುಲಿ ಕಂಡವನಿಗೂ ಟಿಕೆಟ್ ಕೊಟ್ಟು ಹುಲಿ ಕಂಡವನಿಗೂ ನಡುವೆ ಇರುವುದು ಸುಂದರಬನದ ಎರಡು ದೋಣಿಗಳ ನಡುವಿನ ಅಂತರವೇ.

ಎರಡನೆಯ ವಾದ ಇನ್ನೂ ಮೆತ್ತಗಿದೆ, ಆದ್ದರಿಂದ ಹೆಚ್ಚು ಜನರನ್ನು ಒಲಿಸುತ್ತದೆ. ಮಕ್ಕಳು ಹುಲಿ ನೋಡಿದರೆ ತಾನೇ ಕಾಡಿನ ಮೇಲೆ ಪ್ರೀತಿ ಬರುವುದು? ಹಾಗೆಂದು ನಮ್ಮ ಶಾಲೆಗಳ ಬಸ್ಸುಗಳು ತ್ಯಾವರೆಕೊಪ್ಪಕ್ಕೆ ಹೋಗುತ್ತವೆ. ಸಾಗರ ರಸ್ತೆಯಲ್ಲಿ ಶಿವಮೊಗ್ಗದಿಂದ ಹತ್ತು ಕಿಲೋಮೀಟರ್ ದೂರದ ಈ ಹುಲಿ ಸಿಂಹಧಾಮ 1988ರಿಂದ ಇದೆ. ಹೋಗಲಿ, ಮಕ್ಕಳು ನೋಡಲಿ. ದೂರದ ಕಾಡಿಗೆ ಹೋಗಲಾಗದ ಬಡವರ ಮಕ್ಕಳೂ ಅಲ್ಲಿ ಹುಲಿಯ ಮೈಬಣ್ಣ ನೋಡುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಅಲ್ಲಿ ಬಸ್ಸಿನ ಕಿಟಕಿಯಿಂದ ಹುಲಿ ಖಂಡಿತ ಕಾಣುತ್ತದೆ, ಏಕೆಂದರೆ ಅದಕ್ಕೆ ಹೋಗಲು ಬೇರೆ ಜಾಗವಿಲ್ಲ. ಅಲ್ಲಿ ಕಲಿತ ಖಾತರಿಯನ್ನು ಮಗು ಲಕ್ಕವಳ್ಳಿಗೂ ಹೊತ್ತೊಯ್ಯುತ್ತದೆ. ತ್ಯಾವರೆಕೊಪ್ಪದ ಬೇಲಿಯ ಹೊರಗೇ ಶೆಟ್ಟಿಹಳ್ಳಿ ಅಭಯಾರಣ್ಯ ಹಬ್ಬಿದೆ, 1974ರಲ್ಲಿ ಘೋಷಣೆಯಾದದ್ದು, ಸುಮಾರು 395 ಚದರ ಕಿಲೋಮೀಟರ್. ಒಂದು ಜಿಲ್ಲಾ ಕೇಂದ್ರಕ್ಕೆ ಇಷ್ಟು ಹತ್ತಿರದಲ್ಲಿ ಇಷ್ಟು ದೊಡ್ಡ ಕಾಡಿರುವುದು ಅಪರೂಪ. ಶರಾವತಿಯಲ್ಲಿ ಮುಳುಗಿದ ಊರುಗಳ ಜನ ಬಂದು ನೆಲೆಸಿದ ಕಾಡದು. ಮಕ್ಕಳಿಗೆ ಬೇಲಿಯೊಳಗಿನ ಸಿಂಹದ ಪರಿಚಯವಿದೆ, ಬೇಲಿಯಾಚೆಯ ಕಾಡಿನ ಹೆಸರೂ ಗೊತ್ತಿಲ್ಲ. ಆ ಬಸ್ಸು ಇನ್ನೊಂದು ಗಂಟೆ ನಿಂತು, ಯಾರಾದರೂ ಬಲ್ಲವರು ಮಕ್ಕಳಿಗೆ ಮತ್ತಿ, ಹೊನ್ನೆ, ಬೀಟೆ ಮರಗಳನ್ನು ಮುಟ್ಟಿಸಿ ಹೇಳಿದ್ದರೆ?

ಕಂಡರಷ್ಟೇ ಪ್ರೀತಿ ಹುಟ್ಟುವುದಾಗಿದ್ದರೆ ಮಲೆನಾಡಿನ ಹಳೆಯ ತಲೆಮಾರುಗಳು ಹುಲಿದೇವರ ಕಲ್ಲು ನಿಲ್ಲಿಸುತ್ತಿರಲಿಲ್ಲ. ಅವರೇನೂ ಹುಲಿಯ ಮಿತ್ರರಾಗಿರಲಿಲ್ಲ. ಕೊಟ್ಟಿಗೆಯ ದನ ಹೋದಾಗ ವಿಷವಿಟ್ಟರು, ಕೋವಿ ಹಿಡಿದರು. ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಹುಲಿಯ ಸೀಮೆ ಯಾವುದು, ತಮ್ಮ ಸೀಮೆ ಯಾವುದು ಎಂಬ ಅರಿವು ಅವರಿಗಿತ್ತು, ವರ್ಷಕ್ಕೊಮ್ಮೆ ಆ ಕಲ್ಲಿಗೆ ಹಣ್ಣುಕಾಯಿ ಮಾಡಿ ಅದನ್ನು ನೆನಪಿಸಿಕೊಳ್ಳುತ್ತಿದ್ದರು. ನೋಡಬೇಕೆಂಬ ಹಂಬಲ ಆ ಪೂಜೆಯಲ್ಲಿ ಇರಲಿಲ್ಲ.

ನಮ್ಮ ಭದ್ರಾವತಿಗೆ ಈ ಹಂಬಲ ಹೊಸದಾದರೂ ಅದರ ಹಿಂದಿನ ಬುದ್ಧಿ ಹಳೆಯದು. ಕಬ್ಬಿಣದ ಕಾರ್ಖಾನೆಯ ಕುಲುಮೆ 1923ರಲ್ಲಿ ಹೊತ್ತಿಕೊಂಡಾಗ ಇಲ್ಲಿ ಕಲ್ಲಿದ್ದಲು ಇರಲಿಲ್ಲ. ಅದಿರು ಕರಗಿದ್ದು ಸುತ್ತಲಿನ ಕಾಡು ಸುಟ್ಟು ಮಾಡಿದ ಇದ್ದಿಲಿನಿಂದ. ಕಾಗದದ ಕಾರ್ಖಾನೆಗೆ ಬಿದಿರು ಬೇಕಾಯಿತು, ಬಿದಿರು ಸಾಲದಾದಾಗ ನೀಲಗಿರಿ, ಅಕೇಶಿಯಾ ಬಂದವು. ಈ ಎರಡು ಕಾರ್ಖಾನೆಗಳ ಅನ್ನ ಉಂಡ ಊರು ನಮ್ಮದು, ನಾನದನ್ನು ಹಳಿಯಲಾರೆ. ಆದರೆ ನೂರು ವರ್ಷ ನಾವು ಕಾಡನ್ನು ಕೇಳಿದ್ದು ಒಂದೇ ಮಾತು: ನಮಗೇನು ಕೊಡುತ್ತೀಯ? ಇದ್ದಿಲು, ಬಿದಿರು, ತಿರುಳು. ಕುಲುಮೆ ತಣ್ಣಗಾಗಿ ಕಾಗದದ ಯಂತ್ರಗಳು ನಿಂತ ಮೇಲೂ ಕೇಳುವುದು ಬಿಟ್ಟಿಲ್ಲ. ಈಗ ಹುಲಿಯ ದರ್ಶನ ಕೊಡು ಎನ್ನುತ್ತಿದ್ದೇವೆ. ಭದ್ರಾ ನದಿಯ ನೀರು ಅದೇ ಕಾಡಿನ ನಡುವೆ ಹರಿದು ಬಂದು ಊರ ಸೇತುವೆಯಡಿ ಸಾಗುತ್ತದೆ, ನಮ್ಮ ನಲ್ಲಿಗಳಿಗೆ ಬರುತ್ತದೆ, ದಾವಣಗೆರೆಯ ಗದ್ದೆಗಳವರೆಗೆ ಹೋಗುತ್ತದೆ. ಕಾಡು ಕೊಟ್ಟದ್ದನ್ನು ದಿನವೂ ಕುಡಿಯುತ್ತಿದ್ದರೂ ಸಫಾರಿ ಮುಗಿಸಿ ಬಂದು ಏನೂ ಸಿಗಲಿಲ್ಲ ಎನ್ನುತ್ತೇವೆ.

ಮೊದಲು ಹೇಳಿದ ಮೂರರಲ್ಲಿ ಮೂರನೆಯ ಮಾತು ಎಲ್ಲಕ್ಕಿಂತ ಅಪಾಯದ್ದು: ಹುಲಿಯಿಲ್ಲದ ಕಾಡು ನೋಡಲು ಲಾಯಕ್ಕಲ್ಲ. ಸುಂದರಬನದಂಥ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ನೋಡಲು ಬಂಗಾಳಕ್ಕೇ ಹೋಗಬೇಕಿಲ್ಲ. ಸಾಗರ, ಜೋಗ ದಾಟಿ ಗೇರುಸೊಪ್ಪೆ ಘಟ್ಟ ಇಳಿದರೆ ಹೊನ್ನಾವರ. ನಮ್ಮ ಜಿಲ್ಲೆಯ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಸಮುದ್ರ ಸೇರುವಲ್ಲಿ ಕಾಂಡ್ಲಾ ಗಿಡಗಳು ದಟ್ಟವಾಗಿ ನಿಂತಿವೆ, ಅವುಗಳ ನಡುವೆ ನಡೆದುಹೋಗಲು ಮರದ ದಾರಿಯನ್ನೂ ಮಾಡಿದ್ದಾರೆ. ಕುಮಟಾ ಬಳಿಯ ಅಘನಾಶಿನಿ ಅಳಿವೆ 2024ರಲ್ಲಿ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿ ಇಳಿತದ ಹೊತ್ತಿನಲ್ಲಿ ಹೆಂಗಸರು ಗಂಡಸರು ನೀರಿಗಿಳಿದು ಬಳಚು ಹೆಕ್ಕುತ್ತಾರೆ, ಉಪ್ಪುನೀರು ತಡೆಯುವ ಕಗ್ಗ ಭತ್ತವನ್ನು ಗಜನಿ ಗದ್ದೆಗಳಲ್ಲಿ ಬೆಳೆಯುತ್ತಾರೆ, ಕಾಂಡ್ಲಾ ಬೇರುಗಳ ನಡುವೆ ಮೀನುಮರಿ ಬೆಳೆಯುತ್ತವೆ. ಸುಂದರಬನದಲ್ಲಿ ನೋಡಿದ ಉಸಿರುಬೇರುಗಳೇ ಇಲ್ಲೂ ಇವೆ. ಆದರೆ ಶಿವಮೊಗ್ಗದ ಬಸ್ಸುಗಳು ಹೊನ್ನಾವರದಲ್ಲಿ ನಿಲ್ಲದೆ ಮುರ್ಡೇಶ್ವರಕ್ಕೆ ಓಡುತ್ತವೆ, ಏಕೆಂದರೆ ನಮ್ಮ ಕಾಂಡ್ಲಾ ಕಾಡಿನಲ್ಲಿ ಹುಲಿಯಿಲ್ಲ.

ಅದೇ ಶರಾವತಿಯ ಮೇಲ್ಭಾಗದ ಕಣಿವೆಯಲ್ಲಿ ಸಿಂಗಳೀಕಗಳಿವೆ. ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ, ಮರದಿಂದ ಮರಕ್ಕೆ ಕೊಂಬೆ ಕೂಡಿದ್ದರಷ್ಟೇ ಬದುಕುವ ಕೋತಿ ಅದು. 2019ರಲ್ಲಿ ಸರ್ಕಾರ ಶರಾವತಿ ಕಣಿವೆಯ 930 ಚದರ ಕಿಲೋಮೀಟರನ್ನು ಸಿಂಗಳೀಕ ಅಭಯಾರಣ್ಯವೆಂದು ಘೋಷಿಸಿತು. ಅದೇ ಅಭಯಾರಣ್ಯದೊಳಗೆ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಗೆ ಸುರಂಗ ಕೊರೆಯಲು ಈಗ ಹೊರಟಿದೆ. ಸುತ್ತಲಿನ ಹಳ್ಳಿಯವರು, ಮಠಾಧೀಶರು, ವಿಜ್ಞಾನಿಗಳು ವರ್ಷಗಳಿಂದ ಬೇಡವೆನ್ನುತ್ತಿದ್ದಾರೆ. ಅವರ ಬೆನ್ನಿಗೆ ಶಿವಮೊಗ್ಗ, ಭದ್ರಾವತಿಗಳ ಪ್ರವಾಸಪ್ರಿಯರು ಎಷ್ಟು ಜನ ನಿಂತಿದ್ದಾರೆ? ಕಬಿನಿಯಲ್ಲಿ ತೆಗೆದ ಹುಲಿಯ ಫೋಟೋವನ್ನು ವಾಟ್ಸಾಪಿನಲ್ಲಿ ಹಂಚಿದವರಿಗೆ ಈ ಕಣಿವೆಯ ಹೆಸರು ಹೇಳಿದರೆ ಬರುವ ಉತ್ತರ ನಾನು ಬೇಕಾದಷ್ಟು ಸಲ ಕೇಳಿದ್ದೇನೆ: ಅಲ್ಲಿ ಹುಲಿ ಇದೆಯಾ? ಇದೇ ಪ್ರಶ್ನೆಯನ್ನು ಯೋಜನೆ ಮಾಡುವವರೂ ಕೇಳಿಕೊಳ್ಳುತ್ತಾರೆ, ಉತ್ತರ ಇಲ್ಲ ಎಂದಾದಾಗ ಅವರ ಕೆಲಸ ಹಗುರವಾಗುತ್ತದೆ. ಕಾಗದದ ಕಾರ್ಖಾನೆಗೆ 40 ವರ್ಷಕ್ಕೆ ಕೊಟ್ಟಿದ್ದ ಅರಣ್ಯಭೂಮಿಯ ಗುತ್ತಿಗೆ 2020ರಲ್ಲಿ ಮುಗಿದಾಗ, ಅಕೇಶಿಯಾ ಸಾಕು, ಆ ನೆಲದಲ್ಲಿ ಸಹಜ ಕಾಡು ಏಳಲಿ ಎಂದು ಮಲೆನಾಡಿನ ರೈತರು, ಬರಹಗಾರರು ಬೀದಿಗಿಳಿದರು. ಅವರು ಕೇಳಿದ ಕಾಡಿನಲ್ಲಿ ಯಾರಿಗೂ ಹುಲಿ ತೋರಿಸುವ ಭರವಸೆ ಇರಲಿಲ್ಲ. ಜೇನು, ಸೊಪ್ಪು, ಉಪ್ಪಾಗೆ, ವಾಟೆ, ಬೇಸಿಗೆಯಲ್ಲೂ ಬತ್ತದ ಹಳ್ಳ, ಇಷ್ಟೇ ಅವರ ಪಟ್ಟಿ.

ಶಾಲೆಗಳವರನ್ನು, ಪ್ರವಾಸ ಏರ್ಪಡಿಸುವವರನ್ನು, ಮನೆಮಂದಿಯನ್ನು ಕಟ್ಟಿಕೊಂಡು ಹೊರಡುವವರನ್ನು ನಾನು ಕೇಳಿಕೊಳ್ಳುವುದು ಇಷ್ಟು. ಈ ಬೇಸಿಗೆಯಲ್ಲಿ ಭದ್ರಾ ಹಿನ್ನೀರಿಗೆ ಹೋಗಿ. ನೀರು ಇಳಿದಾಗ ಮೇಲೇಳುವ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಬರಿನೆಲದ ಮೇಲೆ ಮೊಟ್ಟೆಯಿಟ್ಟಿರುತ್ತವೆ. ದೋಣಿಯನ್ನು ದೂರದಲ್ಲೇ ನಿಲ್ಲಿಸಲು ಹೇಳಿ. ಅರಣ್ಯ ಇಲಾಖೆಯವರು ದಿನಕ್ಕೆ ಬಿಡುವ ಜೀಪುಗಳ ಸಂಖ್ಯೆಯನ್ನು ಹೆಚ್ಚಿಸಬಾರದು, ಹುಲಿ ಕಂಡ ದಿನದ ಫೋಟೋ ಹಾಕಿ ಜನರನ್ನು ಕರೆಯಬಾರದು. ಜೂನ್ ಬರುವ ಮುಂಚೆ ಒಮ್ಮೆ ಘಟ್ಟ ಇಳಿದು ಶರಾವತಿಯ ಕಾಂಡ್ಲಾ ದಾರಿಯಲ್ಲಿ ನಡೆಯಿರಿ, ಇಳಿತದ ಹೊತ್ತು ಕೇಳಿಕೊಂಡು ಹೋಗಿ. ಹೋಗುವಾಗ ಕಾರ್ಗಲ್ಲಿನಲ್ಲಿ ಇಳಿದು, ಸುರಂಗ ಬೇಡ ಎನ್ನುತ್ತಿರುವವರ ಜೊತೆ ಅರ್ಧ ಗಂಟೆ ಕೂತು ಮಾತಾಡಿ.